ಆಡು ಒಪ್ಪುವ ತನಕ ಬರೀ ಚಹಾ

ನನ್ನ ಮೊಮ್ಮಗಳು ಮಾತಾಡಿದಳು!

ಹೌದ್ರಿ, ಮಾತಾಡಿದಳು! ಮೂರು ವರ್ಷ ತುಂಬಿದರೂ "ಅವ್ವಾ" ಎನ್ನದೆ, "ಅಪ್ಪಾ" ಎನ್ನದೆ, ಬೇಕಾದ್ದಕ್ಕೆಲ್ಲ ಬೆರಳು ತೋರಿಸಿಯೇ ಕಾರಭಾರ ನಡೆಸುತ್ತಿದ್ದ ನನ್ನ ಬಂಗಾರ ನಿನ್ನೆ ಬೆಳಿಗ್ಗೆ ಬಾಯಿ ಬಿಟ್ಟಳು. ಹಂಚಿನ ಮೇಲಿದ್ದ ರೊಟ್ಟಿ ಸುಟ್ಟು ಕರಕಲಾಯಿತು. ಆಗಲಿ! ನಾನು ಬರಿಗಾಲಲ್ಲಿ ಓಣಿಯ ಈ ತುದಿಯಿಂದ ಆ ತುದಿಗೆ ಓಡಿ ಮನೆಮನೆಗೂ ಸಕ್ಕರೆ ಹಂಚಿದೆ. ಒಂದು ಮನೆಗೆ ಎರಡು ಸಲ ಹಂಚಿದೆನಂತೆ. ಹಂಚಿದರೇನಾಯಿತು, ಆ ಮನೆಯವರು ಎರಡು ಸಲ ಸಂತೋಷಪಟ್ಟರು!

ಆದರೆ ಆಕೆ ಮಾತಾಡಿಸಿದ್ದು ಯಾರನ್ನು, ಕೇಳಿ. ಹೆತ್ತ ತಾಯಿಯನ್ನಲ್ಲ. ನಾಲಿಗೆಗೆ ಬಜೆ ತೇಯ್ದು ಹಚ್ಚಿ ಹಚ್ಚಿ ಬೆರಳು ಸವೆಸಿಕೊಂಡ ನನ್ನನ್ನಲ್ಲ. ಮಾನ್ವಿಯಿಂದ ಬರುವಾಗಲೆಲ್ಲ ಬತ್ತಾಸು ತರುವ ಅಪ್ಪನನ್ನೂ ಅಲ್ಲ. ಒಂದು ಆಡನ್ನು! ಅದೂ ಸತ್ತು ಎಷ್ಟೋ ವರ್ಷವಾದ ಆಡನ್ನು! ನಮ್ಮ ಪಡಸಾಲೆಯ ಗೋಡೆಗೆ ಆ ಆಡಿನ ಒಂದು ತಗಡಿನ ಚಿತ್ರ ತೂಗುಹಾಕಿದೆ. ಅದರ ಮುಂದೆ ರೊಟ್ಟಿಯ ಚೂರು ಹಿಡಿದು ನಿಂತು, "ಚೆನ್ನೀ, ತಗೋ" ಎಂದಳು. ಬೇರೆಯವರ ಮಕ್ಕಳು "ಕೊಡು" ಎನ್ನುತ್ತ ಮಾತು ಕಲಿಯುತ್ತವೆ. ನಮ್ಮದು "ತಗೋ" ಎಂದಿತು. ಇದನ್ನು ನಾನೇ ಹೇಳಬಾರದು. ಆದರೂ ಹೇಳುತ್ತೇನೆ.

ಆ ಚಿತ್ರ ಬರೆದವನು ನನ್ನ ತಮ್ಮ. ದೇವದುರ್ಗದವನು. ಹೆಸರು ಹೇಳುವುದಿಲ್ಲ. ಹೇಳಿದರೆ ಮೂರು ತಾಲೂಕಿನ ನಾಯಿಗಳು ಬಾಲ ಅಲ್ಲಾಡಿಸುತ್ತ ನಿಮ್ಮ ಮನೆಗೆ ಬಂದಾವು! ಸಾಹೇಬರ ಮಾತಿಗಿಂತ ಸಾಹೇಬರ ನಾಯಿಯ ಮಾತಿಗೆ ಹೆಚ್ಚು ಬೆಲೆ ಕೊಡುವ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಅವನೊಬ್ಬನೇ. ಮತ್ತು ಅದೇ ಮನುಷ್ಯ ಚೆನ್ನಿಯ ಚಿತ್ರಕ್ಕೆ ಕೈ ಹಾಕಿದ ದಿನದಿಂದ ನಿನ್ನೆಯ ತನಕ ನನ್ನ ಮನೆಯಲ್ಲಿ ಒಂದು ತುತ್ತು ಉಂಡಿರಲಿಲ್ಲ. ಒಡಹುಟ್ಟಿದ ತಮ್ಮ! ಬರುತ್ತಿದ್ದ, ಕೂಡುತ್ತಿದ್ದ, ನಗಿಸುತ್ತಿದ್ದ, ಚಹಾ ಕುಡಿದು ಎದ್ದು ಹೋಗುತ್ತಿದ್ದ. ಅವನಿಗೂ ನಮಗೂ ಜಗಳವಿತ್ತೇ? ಇಲ್ಲ. ಸಿಟ್ಟಿತ್ತೇ? ಅದೂ ಇಲ್ಲ. ಆಡು ಒಪ್ಪಿರಲಿಲ್ಲ, ಅಷ್ಟೆ.

ಏನು ಹಾಗಂದರೆ? ಹೇಳುತ್ತೇನೆ, ಕೂಡಿ.

ಅವನ ಕಸುಬು ಅಂಗಡಿಗಳಿಗೆ ಬೋರ್ಡು ಬರೆಯುವುದು. ಅಕ್ಷರ ಚೆಂದ ಬರುತ್ತಿದ್ದವು, ಹೊಟ್ಟೆಗೂ ಬರುತ್ತಿತ್ತು. ಒಮ್ಮೆ ರಾಯಚೂರಿನ ಮಾರ್ಕೆಟ್ ಹತ್ತಿರ ಒಬ್ಬ ಹಾಲಿನ ಅಂಗಡಿಯವನು ಬೋರ್ಡು ಬರೆಸಿದ. ಇವನು ಅಂಗಡಿಯ ಹೆಸರನ್ನು ಒಂದು ಮೂಲೆಗೆ ತಳ್ಳಿ, ಉಳಿದ ಜಾಗದಲ್ಲೆಲ್ಲ ಎಮ್ಮೆ ನಿಲ್ಲಿಸಿದ. ಬೋರ್ಡು ಏರಿಸಿದ ದಿನವೇ ಆ ದಾರಿಯಲ್ಲಿ ಹೊರಟಿದ್ದ ನಿಜವಾದ ಎಮ್ಮೆಯೊಂದು ತಲೆ ಎತ್ತಿ ನೋಡಿತು, ನಿಂತೇ ಬಿಟ್ಟಿತು! ಹಿಂದೆ ಟಾಂಗಾಗಳು ನಿಂತವು, ಟಾಂಗಾಗಳ ಹಿಂದೆ ಲಾರಿ ನಿಂತಿತು. ಪೊಲೀಸಪ್ಪ ಲಾಠಿ ಹಿಡಿದು ಬಂದ.

"ಯಾರದ್ಲೇ ಈ ಎಮ್ಮಿ?"

ಹಾಲಿನವನು ಕೈಮುಗಿದು ಕೇಳಿದ: "ಯಾವುದ್ರೀ ಸಾಹೇಬ್ರ, ಮ್ಯಾಲಿಂದೋ ಕೆಳಗಿಂದೋ?"

ಅಂದಿನಿಂದ ನನ್ನ ತಮ್ಮನ ತಲೆ ಕೆಟ್ಟಿತು ನೋಡಿ. ಇಷ್ಟು ದಿನ ಜನ ಅವನ ಕೆಲಸವನ್ನು "ಚಲೋ ಅದ" ಎಂದಿದ್ದರು. ಎಮ್ಮೆಯೊಂದು ದಾರಿಯಲ್ಲೇ ನಿಂತು ನೋಡಿದ್ದು ಅದೇ ಮೊದಲು. "ಮಂದಿ ಚಲೋ ಅದ ಅಂದದ್ದಕ್ಕ ಏನು ಕಿಮ್ಮತ್ತು ಯಕ್ಕಾ? ಮುಂದ ಚಲೋ ಅಂತಾರ, ಹಿಂದ ಏನರ ಅಂತಾರ. ಎಮ್ಮಿ ಹಂಗಲ್ಲ" ಎಂದ. ಮನೆಮನೆಯ ಸಾಕುಪ್ರಾಣಿಗಳ ಚಿತ್ರ ಬರೆಯತೊಡಗಿದ. ಜೊತೆಗೆ ಒಂದು ಕಾಯಿದೆಯನ್ನೂ ಮಾಡಿಕೊಂಡ. ಚಿತ್ರ ಮುಗಿದ ಮೇಲೆ ಅದನ್ನು ಆ ಪ್ರಾಣಿಯ ಮುಂದೆ ಇಡಬೇಕು. ಅದು ಗುರುತು ಹಿಡಿದು ಏನಾದರೂ ಮಾಡಬೇಕು. ಆಗ ಚಿತ್ರ ಪಾಸು. ಇಲ್ಲವೆಂದರೆ ಅಳಿಸಿ ಮತ್ತೆ ಬರೆಯಬೇಕು. ಪಾಸಾಗುವ ತನಕ ಆ ಮನೆಯಲ್ಲಿ ಊಟವಿಲ್ಲ, ಬರೀ ಚಹಾ! "ಮೂಕಪ್ರಾಣಿ ಒಪ್ಪಲಾರದ ಕೆಲಸ ಮಾಡಿ ಅದರ ಮನ್ಯಾಗ ಅದರ ಮುಂದನ ಹೆಂಗ ಉಣ್ಲಿ?" ಎನ್ನುತ್ತಿದ್ದ. ಇಂಥವನಿಗೆ ಏನು ಹೇಳುತ್ತೀರಿ?

ರಾಯಚೂರಿನ ಬಳೆ ಅಂಗಡಿಯ ಚಾಚಾನ ಮನೆಯಲ್ಲಿ ಒಂದು ಗಿಳಿ ಇತ್ತು. ಬಂದವರಿಗೆಲ್ಲ "ಆವೋ ಜೀ, ಬೈಠೋ ಜೀ" ಎನ್ನುವ ಮರ್ಯಾದಸ್ತ ಗಿಳಿ. ಅದರ ಚಿತ್ರ ಬರೆದು ಪಂಜರದ ಮುಂದೆ ಹಿಡಿದ. ಗಿಳಿ ಅತ್ತ ನೋಡಿತು, ಇತ್ತ ನೋಡಿತು. ರೆಕ್ಕೆ ಉಬ್ಬಿಸಿಕೊಂಡು, "ಚಲ್ ಹಟ್ ನಿಕಮ್ಮೇ! ಕಾಮ್ ಕಾ ನ ಕಾಜ್ ಕಾ!" ಎಂದು ಕೆಲಸಕ್ಕೆ ಬಾರದ ಗಂಡನನ್ನು ಬೈಯುವ ಧಾಟಿಯಲ್ಲಿ ಚಿತ್ರದ ಮೇಲೆ ಹರಿಹಾಯಿತು.

"ತೋಬಾ ತೋಬಾ! ಇಂಥಾ ಮಾತು ಇದು ಎಲ್ಲಿ ಕಲೀತು?" ಚಾಚಾ ಗಲ್ಲ ಗಲ್ಲ ಬಡಿದುಕೊಂಡ. ಪರದೆಯ ಹಿಂದೆ ಚಾಚಿ ಕಿಸಕ್ಕನೆ ನಕ್ಕಳು. ಎಲ್ಲಿ ಕಲಿಯಿತು, ಯಾರಿಗೆ ಹೇಳುವಾಗ ಕಲಿಯಿತು ಎಂಬುದು ಎಲ್ಲರಿಗೂ ತಿಳಿಯಿತು!

ನನ್ನ ತಮ್ಮನೋ ಕುಣಿದಾಡಿದ. "ಮನಿಯವರು ಅಂತ ತಿಳದದ್ದಕ್ಕ ಬೈತದ ಚಾಚಾ! ಪರಕೀಯರಿಗೆ ಯಾರು ಹಂಗ ಬೈತಾರ? ಒಪ್ಪಿತು! ತಾಟ್ ಹಾಕಸ್ರಿ!" ಅಂದು ಅವರ ಮನೆಯ ಬಗಾರಾ ಅನ್ನ, ಹುಳಿ ಬ್ಯಾಳಿ ಹೊಡೆದು ಬಂದು ಆ ರುಚಿಯನ್ನು ನನಗೆ ತಿಂಗಳುಗಟ್ಟಲೆ ವರ್ಣಿಸಿದ.

ಮಾನ್ವಿಯಲ್ಲಿ ಗುಡಿಯ ಸೇವೆ ಮಾಡಿಕೊಂಡು ಮಕ್ಕಳಿಗೆ ಪಾಠ ಹೇಳುವ ಆಚಾರ್ಯರೊಬ್ಬರಿದ್ದರು. ಅವರ ಆಕಳ ಚಿತ್ರವನ್ನು ಕೊಟ್ಟಿಗೆಯ ಗೋಡೆಗೆ ಆನಿಸಿಟ್ಟಾಗ ಆಕಳು ಅದನ್ನು ದಿಟ್ಟಿಸಿ ನೋಡಿ, ಬಾಲ ಎತ್ತಿ ಸಗಣಿ ಹಾಕಿತು.

"ಶುಭ ಆತಪಾ! ಇನ್ನ ಊಟಕ್ಕ ಏಳು" ಎಂದರು ಆಚಾರ್ಯರು.

"ಅದು ಒಪ್ಪಿಗಿ ಅಲ್ರೀ ಆಚಾರ್ರ. ನಿನ್ನೆ ನೀವು ಪಾಠ ಹೇಳೂ ಮುಂದನೂ ಇದನ್ನ ಮಾಡಿತ್ತು!"

ಆಚಾರ್ಯರು ಜನಿವಾರ ಸರಿ ಮಾಡಿಕೊಂಡರಂತೆ. ತಮ್ಮ ಮತ್ತೆ ಬರೆದ. ಈ ಸಲ ಕರು ಹಗ್ಗ ಕಿತ್ತುಕೊಂಡು ಬಂದು ಚಿತ್ರದ ಕೆಚ್ಚಲಿಗೆ ಬಾಯಿ ಹಾಕಿ ಗುದ್ದಿತು. ಬಣ್ಣ ಹಸಿಯಿತ್ತು. ಕರುವಿನ ಮೂತಿಯೆಲ್ಲ ಬಿಳಿ! ಅಂದು ಆಚಾರ್ಯರ ಮನೆಯವರು ಪಡಸಾಲೆಯಲ್ಲಿ ಎಲೆ ಹಾಕಿ ಹೋಳಿಗೆಯನ್ನೇ ಬಡಿಸಿದರು.

ಮನುಷ್ಯರ ಚಿತ್ರ ಮಾತ್ರ ಅವನು ಬರೆಯುತ್ತಿರಲಿಲ್ಲ. "ಬರಸ್ಕೊಳ್ಳೂ ಮುಂದ ಮಂದಿ ಹೊಟ್ಟಿ ಒಳಗ ಎಳಕೋತಾರ ಯಕ್ಕಾ. ಎಮ್ಮಿ ಹೊಟ್ಟಿ ಒಳಗ ಎಳಕೊಂಡದ್ದು ಯಾವತ್ತರ ನೋಡೀಯೇನು?" ಅರಕೇರಾದ ಗೌಡರೊಬ್ಬರಿಗೆ ಈ ಸುದ್ದಿ ಗೊತ್ತಿರಲಿಲ್ಲ. ತಮ್ಮ ನಾಯಿಯ ಜೊತೆ ತಾವೂ ಇರಬೇಕು ಎಂದು ರುಮಾಲು ಸುತ್ತಿ, ಮೀಸೆಗೆ ಎಣ್ಣೆ ಹಚ್ಚಿ, ನಾಯಿಯ ತಲೆಯ ಮೇಲೆ ಕೈಯಿಟ್ಟು ನಿಂತರು. ನಿಂತರು ಎಂದರೆ ದಿನಗಟ್ಟಲೆ ನಿಂತರು. ಕೊನೆಗೆ ಚಿತ್ರದ ಮೇಲಿನ ಬಟ್ಟೆ ಸರಿಸಿ ನೋಡಿದರೆ ಏನಿದೆ? ನಾಯಿ ಇದೆ. ನಾಯಿಯ ತಲೆಯ ಮೇಲೆ ಒಂದು ಕೈ ಇದೆ. ಮಣಿಕಟ್ಟಿನ ಮೇಲೆ ಏನೂ ಇಲ್ಲ!

"ಲೇ! ನಾ ಎಲ್ಲಿ? ನನ್ನ ಮೀಸಿ ಎಲ್ಲಿ?"

"ಅದಕ್ಕ ನಿಮ್ಮ ಮೀಸಿ ಏನ್ ಗೊತ್ತರೀ ಗೌಡ್ರ? ಅನ್ನ ಹಾಕೂ ಕೈ ಅಷ್ಟ ಗೊತ್ತು."

ಗೌಡರು ಸಿಟ್ಟಿನಿಂದ ಬಾಯಿ ತೆರೆದಿದ್ದರಂತೆ. ಅಷ್ಟರಲ್ಲಿ ನಾಯಿ ಎದ್ದು ಹೋಗಿ ಚಿತ್ರದ ಕೈಯನ್ನು ನೆಕ್ಕಿತು. ಗೌಡರು ತೆರೆದ ಬಾಯಿ ಮುಚ್ಚಿ, "ಇವನಿಗೆ ತಾಟ್ ಹಾಕ್ರಿ" ಎಂದಷ್ಟೇ ಹೇಳಿ ಒಳಗೆ ಹೋದರಂತೆ.

ಇದೆಲ್ಲ ಕೇಳಿ ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ನಮ್ಮ ಮನೆಗೂ ಈ ಕಾಯಿದೆ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಚೆನ್ನಿಯನ್ನು ತಂದುಕೊಟ್ಟವನೂ ಅವನೇ. ಆಗ ನನ್ನ ಮಗಳು ಸಣ್ಣಾಕೆ, ಆಕೆಗೆ ಹಾಲಾಗಲಿ ಎಂದು ದೇವದುರ್ಗದಿಂದ ಬಸ್ಸಿನಲ್ಲಿ ಮಡಿಲಲ್ಲಿ ಕೂಡಿಸಿಕೊಂಡು ತಂದಿದ್ದ. ಒಂದು ಕಿವಿ ಹರಿದಿದ್ದ, ಕಂದು ಬಣ್ಣದ ಆಡು. ನೋಡಲು ಬಡಪಾಯಿ, ಆದರೆ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಯಾವತ್ತೂ ಪೂರ್ತಿ ವರ್ಷ ಇರಲಿಲ್ಲ! ಯಾರ ಮಾತನ್ನೂ ಕೇಳದ ಆಡು ನನ್ನ ಯಜಮಾನರಿಗೆ ಮಾತ್ರ ಬಗ್ಗುತ್ತಿತ್ತು. ಅವರು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಸಂಜೆ ಮೈಯೆಲ್ಲ ಹತ್ತಿಯ ಎಳೆ ಅಂಟಿಸಿಕೊಂಡು, ದಾರಿಯಲ್ಲಿ ಒಂದು ಹಿಡಿ ಬೇವಿನ ಸೊಪ್ಪು ಮುರಿದುಕೊಂಡು ಬರುತ್ತಿದ್ದರು. ಅವರ ಹೆಜ್ಜೆಯ ಸಪ್ಪಳ ಓಣಿಯ ತಿರುವಿನಲ್ಲಿ ಕೇಳಿದರೆ ಸಾಕು, ಚೆನ್ನಿ ಕೂಗುತ್ತಿದ್ದಳು.

"ಊರ ಮಂದಿ ಪ್ರಾಣಿ ಎಲ್ಲಾ ಬರದಿ. ನಿನ್ನ ಅಕ್ಕನ ಆಡು ಏನ್ ಪಾಪ ಮಾಡ್ಯದಲೇ?" ಎಂದು ಯಜಮಾನರೇ ಅವನನ್ನು ಕೆಣಕಿದರು. ಬರೆಯಲು ಕೂತ.

ಮೊದಲ ಚಿತ್ರ ದಪ್ಪ ಕಾಗದದ ಮೇಲೆ ಬರೆದ. ಚೆನ್ನಿ ಅದನ್ನು ನೋಡಿದಳು, ಮೂಸಿದಳು, ತಿಂದಳು.

"ಒಪ್ಪಿದಂಗ ಆತಲ್ಲೋ! ಏಳು, ಉಣ್ಣು" ಎಂದೆ.

"ತಿಂದದ್ದಕ್ಕ ಒಪ್ಪಿಗಿ ಅಂದ್ರ ಭಾವನ ಧೋತರಾನೂ ಒಪ್ಪಿದಂಗ ಆತು ಯಕ್ಕಾ. ಅದು ಒಪ್ಪಿಗಿ ಅಲ್ಲ, ನಾಷ್ಟಾ!"

ಇದು ತಿನ್ನಲಾರದ್ದು ಎಂದು ಬೋರ್ಡಿನ ತಗಡಿನ ಮೇಲೆ ಬರೆದ. ಚೆನ್ನಿ ಬೆನ್ನು ತಿರುಗಿಸಿ ನಿಂತಳು. ಅಳಿಸಿ ಬರೆದ. ಮುಂದೆ ಕೂತು ಮೆಲುಕು ಹಾಕಿದಳು. ಮತ್ತೆ ಅಳಿಸಿ ಬರೆದ. ಮಲಗಿದಳು! ಗಿಳಿ ಒಪ್ಪಿತು, ಆಕಳು ಒಪ್ಪಿತು, ಗೌಡರ ನಾಯಿ ಒಪ್ಪಿತು. ಸ್ವಂತ ಅಕ್ಕನ ಆಡು ಒಪ್ಪಲೊಲ್ಲದು! ತಿಂಗಳಿಗೊಮ್ಮೆ ಬಂದು ಬರೆಯುತ್ತಿದ್ದ. ನಾನು ಅವನಿಗೆ ಸೇರುತ್ತದೆಂದು ಪುಂಡಿಪಲ್ಯೆ ಮಾಡುತ್ತಿದ್ದೆ. ಅದರ ವಾಸನೆಗೆ ಅವನ ಗಂಟಲು ಏರಿಳಿಯುವುದು ಕಾಣುತ್ತಿತ್ತು. ಆದರೂ ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಊದಿ ಊದಿ ಕುಡಿದು ಹೋಗುತ್ತಿದ್ದ.

ಕೊನೆಯ ಸಲ ಚಿತ್ರದ ಅಂಚಿನಲ್ಲಿ ಒಂದು ಕೈ ಸೇರಿಸಿದ. ಬೇವಿನ ಸೊಪ್ಪು ಹಿಡಿದ, ಹತ್ತಿಯ ಎಳೆ ಅಂಟಿದ ಕೈ. ನನ್ನ ಯಜಮಾನರ ಕೈ. ಇದು ಖಂಡಿತ ಪಾಸಾಗುತ್ತದೆ ಎಂದು ಎಲ್ಲರೂ ಅಂದುಕೊಂಡೆವು. ಬಣ್ಣ ಒಣಗಲಿ ಎಂದು ಬಿಟ್ಟು ಊರಿಗೆ ಹೋದ. ಅವನು ತಿರುಗಿ ಬರುವಷ್ಟರಲ್ಲಿ ಚೆನ್ನಿ ಇರಲಿಲ್ಲ. ವಯಸ್ಸಾಗಿತ್ತು. ಒಂದು ಬೆಳಿಗ್ಗೆ ಏಳಲೇ ಇಲ್ಲ.

ಅವನು ಖಾಲಿ ಗೂಟವನ್ನು ನೋಡಿದ. "ಇನ್ನ ಯಾರನ್ನ ಕೇಳ್ಲಿ ಯಕ್ಕಾ?" ಎಂದ. ನಾನು ಚಹಾ ಇಟ್ಟೆ. ಇನ್ನೇನು ಇಡಲಿ?

ಯಜಮಾನರು ಸುಮ್ಮನೆ ಬಿಡುವವರಲ್ಲ. ಮಟಮಾರಿಯಿಂದ ಚೆನ್ನಿಯಂಥದೇ ಕಂದು ಆಡೊಂದನ್ನು ಯಾರದೋ ಮನೆಯಿಂದ ಎರವಲು ತಂದು ಚಿತ್ರದ ಮುಂದೆ ನಿಲ್ಲಿಸಿದರು. ಅದು ಚಿತ್ರ ಕಂಡು "ಬ್ಯಾ" ಎಂದಿತು ಕೂಡ! ಯಜಮಾನರು ತೊಡೆ ತಟ್ಟಿದರು. "ಆತು! ಒಪ್ಪಿತು! ತಾಟ್ ಹಾಕ!"

"ಭಾವ, ಇದಕ್ಕ ಚೆನ್ನಿ ಗುರುತೇ ಇಲ್ಲ. ಗುರುತಿಲ್ಲದವರ ಸಾಕ್ಷಿ ನಡೀತದೇನು?"

"ನೀ ವಕೀಲ ಆಗಬೇಕಿತ್ತಲೇ!" ಎಂದು ಯಜಮಾನರು ನಕ್ಕರು. ನಕ್ಕದ್ದೇನೋ ನಕ್ಕರು, ಅಂದು ಅವರೂ ಉಣ್ಣಲಿಲ್ಲ.

ಮುಂದೆ ಮಗಳ ಮದುವೆ ಬಂತು. ಮಾನ್ವಿಯ ಬೀಗರ ಮುಂದೆ ಸೋದರಮಾವ ಓಡಾಡಿದ್ದೇ ಓಡಾಡಿದ್ದು. ಪಂಕ್ತಿಗೆಲ್ಲ ತಾನೇ ನಿಂತು ಬಡಿಸಿದ, ಒತ್ತಾಯ ಮಾಡಿ ಬುಂದಿ ಹಾಕಿದ. ಕೊನೆಗೆ ತಾನು ಮಾತ್ರ ಮೆಲ್ಲಗೆ ಪಕ್ಕದ ಮನೆಗೆ ಹೋಗಿ ಅವರ ಮನೆಯ ನುಚ್ಚು ಮಜ್ಜಿಗೆ ಉಂಡು ಬಂದ! "ಹೆಣ್ಣಿನ ಮಾವಗ ಏನರ ಬ್ಯಾಸರ ಅದ ಏನ್ರೀ?" ಎಂದು ಬೀಗರು ಕೇಳಿದರು. ಆಡು ಒಪ್ಪಿಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಹೇಳಿದ್ದರೆ ಮದುವೆ ನಿಲ್ಲುತ್ತಿತ್ತು!

ಇಷ್ಟು ಹೊತ್ತು ನಗಿಸಿದೆ. ಆದರೆ ನನ್ನ ಒಳಗೆ ಏನಾಗುತ್ತಿತ್ತು ಎಂದು ಯಾರಿಗೆ ಹೇಳಲಿ? ನಮ್ಮವ್ವ ಬದುಕಿರುವ ತನಕ ನಾನು ತವರಿಗೆ ಹೋದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ಯವ್ವಾ, ತಮ್ಮ ನಿನ್ನ ಮನ್ಯಾಗ ಉಂಡನೇನ?" ಪಂಚಮಿಗೆ ಅವನು ನನಗೆ ಕುಬುಸದ ಬಟ್ಟೆ ತರುತ್ತಿದ್ದ. ನಾನು ಉಂಡಿ ಕಟ್ಟಿ ಕೊಟ್ಟರೆ, "ಚೆನ್ನಿ ಒಪ್ಪಲಿ ಬಿಡು" ಎಂದು ನಕ್ಕು ವಾಪಸು ಕೈಗಿಡುತ್ತಿದ್ದ. ಸತ್ತ ಆಡು ಎಲ್ಲಿಂದ ಬಂದು ಒಪ್ಪಬೇಕು? ನಮ್ಮವ್ವ ಕೇಳುತ್ತ ಕೇಳುತ್ತಲೇ ಹೋದಳು. ಆಕೆಯ ಮುಖದ ಒಂದು ಚಿತ್ರ ಕೂಡ ನಮ್ಮ ಹತ್ತಿರ ಇಲ್ಲ. ಊರ ಬೆಕ್ಕುಗಳದೆಲ್ಲ ಇವೆ, ಅವ್ವನದಿಲ್ಲ! ಶಕ್ತಿನಗರದಲ್ಲಿ ಕರೆಂಟಿನ ಕಾರ್ಖಾನೆಯ ಚಿಮಣಿ ಏಳುತ್ತಿದ್ದ ವರ್ಷ ಯಜಮಾನರೂ ಹೋದರು. ಅವರದು ಮದುವೆಯ ಫೋಟೋ ಒಂದಿದೆ. ಅದರಲ್ಲಿ ಕ್ಯಾಮರಾಕ್ಕೆ ಹೆದರಿ ಯಾರೋ ಬೇರೆಯವರಂತೆ ಕಾಣುತ್ತಾರೆ. ನನಗೆ ಅವರನ್ನು ನೋಡಬೇಕು ಅನಿಸಿದಾಗ ಚೆನ್ನಿಯ ಚಿತ್ರದ ಅಂಚಿನ ಆ ಕೈಯನ್ನೇ ನೋಡುವುದು.

ಈಗ ತಮ್ಮನ ಕಣ್ಣಿಗೂ ಪೊರೆ ಬಂದಿದೆ. ಕುಂಚ ಕೆಳಗಿಟ್ಟಿದ್ದಾನೆ. ಬಣ್ಣದ ಡಬ್ಬಿಗಳನ್ನು ಸುಮ್ಮನೆ ತೆಗೆದು ಮೂಸಿ ಮುಚ್ಚಿಡುತ್ತಾನೆ. ಆ ಚಿತ್ರವನ್ನು ಇನ್ನು ಅಳಿಸಿ ಬರೆಯುವವರೂ ಇಲ್ಲ, ಒಪ್ಪುವವರೂ ಇಲ್ಲ. ಹೀಗೇ ಮುಗಿಯಿತು ಎಂದುಕೊಂಡಿದ್ದೆ.

ಮೊಮ್ಮಗಳು ಮಾನ್ವಿಯಿಂದ ಬಂದಾಗಲೆಲ್ಲ ನಾವು ಆಕೆಯನ್ನು ಆ ಚಿತ್ರದ ಮುಂದೆ ಕೂಡಿಸಿ ಉಣಿಸುತ್ತಿದ್ದೆವು. "ಚೆನ್ನಿ ನೋಡಾಕತ್ತಾಳ ನೋಡು, ಉಣ್ಣು" ಎಂದು ನನ್ನ ಮಗಳು ಹೇಳುತ್ತಿದ್ದಳು. ಆಕೆಯೂ ಚೆನ್ನಿಯ ಹಾಲು ಕುಡಿದು ಬೆಳೆದವಳಲ್ಲವೇ? ಕಿವಿ ಚೆನ್ನಾಗಿವೆ, ಕಾಯಿರಿ ಎಂದಿದ್ದರು ಡಾಕ್ಟರು. ಕಾಯುವುದು ನಮ್ಮ ಮನೆಗೇನು ಹೊಸದೇ? ಕಾದೆವು. ನಿನ್ನೆ ಬೆಳಿಗ್ಗೆ, ಮೊದಲೇ ಹೇಳಿದೆನಲ್ಲ, "ಚೆನ್ನೀ, ತಗೋ" ಎಂದಳು!

ಸಕ್ಕರೆ ಹಂಚಿದವಳೇ ಬಸ್‌ಸ್ಟ್ಯಾಂಡಿಗೆ ಓಡಿ ದೇವದುರ್ಗದ ಬಸ್ಸಿನ ಕಂಡಕ್ಟರನಿಗೆ ಸುದ್ದಿ ಕೊಟ್ಟೆ. ಆತನ ನಾಯಿಯ ಚಿತ್ರವೂ ತಮ್ಮನದೇ. ಸಂಜೆಗೆ ಅದೇ ಕಂಡಕ್ಟರ್ ಕೈಹಿಡಿದು ತಮ್ಮನನ್ನು ನಮ್ಮ ಬಾಗಿಲ ತನಕ ಬಿಟ್ಟುಹೋದ.

"ಒಪ್ಪಿತೋ ತಮ್ಮಾ! ಇನ್ನರ ಉಣ್ಣು!" ಎಂದೆ.

ಅವನು ಮೊದಲು ಮಾಡಿದ್ದು ತಕರಾರು. "ಅಲ್ಲ ಯಕ್ಕಾ, ಕೂಸಿಗೆ ಚೆನ್ನಿ ಗುರುತಿಲ್ಲ. ಕೂಸು ಹುಟ್ಟೂ ಮುಂಚೇನ ಚೆನ್ನಿ ಸತ್ತಾಳ."

"ಮಾಮಾ, ಆಕಿಗೆ ಬ್ಯಾರೆ ಚೆನ್ನಿ ಎಲ್ಲಿದ್ದಾಳ? ಆಕಿಗೆ ಗೊತ್ತಿರೂ ಚೆನ್ನಿ ಇದ ಒಂದು, ನೀ ಮಾಡಿದ್ದು" ಎಂದಳು ನನ್ನ ಮಗಳು.

ಅವನು ಗೋಡೆಯ ಹತ್ತಿರ ಹೋಗಿ ತಗಡಿನ ಮೇಲೆ ಬೆರಳಾಡಿಸಿದ. ಹರಿದ ಕಿವಿ, ಮೂತಿ, ಸೊಪ್ಪು ಹಿಡಿದ ಕೈ. ಆ ಕೈಯ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು.

ಸರಿ, ಎಲ್ಲರೂ ಕೂಸಿನ ಸುತ್ತ ಸೇರಿದೆವು. "ಅನ್ನು ಬಂಗಾರಾ, ಚೆನ್ನಿ ತಗೋ ಅನ್ನು!" ನಾನು ಹೇಳಿದೆ, ನನ್ನ ಮಗ ಹೇಳಿದ, ಸೊಸೆ ಹೇಳಿದಳು, ಅಳಿಯ ಬತ್ತಾಸು ತೋರಿಸಿದ. ಬಾಯಿ ಬಿಟ್ಟರೆ ಕೇಳಿ! ತುಟಿ ಹೊಲಿದುಕೊಂಡಂತೆ ನಿಂತಳು.

"ಯಾರೂ ಒತ್ತಾಯ ಮಾಡಬ್ಯಾಡ್ರಿ. ದೂರ ಸರೀರಿ" ಎಂದ ತಮ್ಮ. "ಯಕ್ಕಾ, ಚಹಾ ಮಾಡು."

ಮತ್ತೆ ಚಹಾ! ಚಿತ್ರದ ಕೆಳಗೆ ಗೋಡೆಗೆ ಆನಿಕೊಂಡು, ಕೂಸಿನ ಕಡೆ ನೋಡದೆ, ಬಸಿಯಲ್ಲಿ ಊದಿ ಊದಿ ಕುಡಿಯುತ್ತ ಕೂತ. ಆಕಳ ಮುಂದೆ, ನಾಯಿಯ ಮುಂದೆ ಹೇಗೆ ಕೂಡುತ್ತಿದ್ದನೋ ಹಾಗೆಯೇ. ನಾವು ಅಡುಗೆಮನೆಯ ಬಾಗಿಲಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತೆವು. ದೀಪ ಹಚ್ಚುವ ಹೊತ್ತಾಯಿತು. ಕೂಸು ಅವನ ಸುತ್ತ ಒಂದು ಸುತ್ತು ಹಾಕಿತು, ಅವನ ಬಸಿಯೊಳಗೆ ಇಣುಕಿತು. ಬುಟ್ಟಿಯಿಂದ ಒಂದು ಚೂರು ರೊಟ್ಟಿ ಮುರಿದುಕೊಂಡು ಬಂದು, ತುದಿಗಾಲಲ್ಲಿ ನಿಂತು, ಚೆನ್ನಿಯ ಮೂತಿಗೆ ಹಿಡಿಯಿತು.

"ಚೆನ್ನೀ, ತಗೋ."

ಸ್ವಲ್ಪ ಹೊತ್ತು ಕಾದು ನೋಡಿತು. ಚೆನ್ನಿ ಎಂದಿನಂತೆ ಸುಮ್ಮನಿದ್ದಳು. ಕೂಸು ಅತ್ತಿತ್ತ ನೋಡಿ, ಕೆಳಗೆ ಕೂತವನ ಬಾಯಿಗೆ ಆ ಚೂರನ್ನು ಹಿಡಿಯಿತು.

"ತಗೋ."

ಅವನು ಬಾಯಿ ತೆರೆದ. ತಿಂದ!

ಅವನು ಅಗಿದ, ನುಂಗಿದ. ಆಮೇಲೆ ಪೊರೆ ಬಂದ ಕಣ್ಣನ್ನು ಬಾಗಿಲ ಕಡೆ ತಿರುಗಿಸಿ, "ಅಲ್ಲ, ಎಲ್ಲಾರೂ ಹಂಗ ನಿಂತು ಏನ್ ನೋಡಾಕತ್ತೀರಿ? ತಾಟ್ ಹಾಕ್ರಿ!" ಎಂದ.

ಹಾಕಿದೆವು. ಚೆನ್ನಿಯ ಕೆಳಗೇ ಸಾಲಾಗಿ ಹಾಕಿದೆವು. ಮಗ, ಸೊಸೆ, ಮಗಳು, ಅಳಿಯ, ಅವರ ನಡುವೆ ಅವನು, ಅವನ ತೊಡೆಯ ಮೇಲೆ ಕೂಸು. ಪುಂಡಿಪಲ್ಯೆ, ಗರಿಗರಿ ಕಟಿರೊಟ್ಟಿ, ಶೇಂಗಾಹಿಂಡಿ ಬಡಿಸಿದೆ. ಮೊದಲ ತುತ್ತು ಬಾಯಿಗೆ ಹೋಯಿತು. ಇಷ್ಟು ವರ್ಷದ ಮೇಲೆ ಅಕ್ಕನ ಮನೆಯ ಅನ್ನ. ಏನನ್ನುತ್ತಾನೋ ಎಂದು ಕಾದು ನಿಂತೆ.

"ಯಕ್ಕಾ, ಪಲ್ಯಾಕ ಉಪ್ಪು ಕಡಿಮಿ ಆಗ್ಯದ."

ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಉಪ್ಪು ತರುತ್ತೇನೆಂದು ಒಳಗೆ ಹೋದೆ. ಉಪ್ಪಿನ ಗಡಿಗೆ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತು ಕೇಳಿದೆ. ಪಡಸಾಲೆಯಲ್ಲಿ ಎಲ್ಲರೂ ರೊಟ್ಟಿ ಮುರಿಯುವ ಸಪ್ಪಳ, ಅವನೂ ಮುರಿಯುವ ಸಪ್ಪಳ, ನಡುನಡುವೆ ಯಾರಿಗೋ "ತಗೋ, ತಗೋ" ಎನ್ನುತ್ತಿದ್ದ ನನ್ನ ಮೊಮ್ಮಗಳ ದನಿ.